ಬಂದರಿನಿಂದ ಪುಣ್ಯನಗರಕ್ಕೆ: ಮಕ್ಕಾ ಯಾತ್ರೆಯ ಆರೋಗ್ಯ ಚರಿತ್ರೆ



ನಾವು ವಾಸಿಸುವ ಅಲ್ ಮೀನಾ ಎಂಬ ಹೆಸರಿಗೆ ಅರಬ್ಬಿಯಲ್ಲಿ ‘ಬಂದರು’ ಎಂದರ್ಥ. ಮಕ್ಕಾ ನಗರದ ಸಮೀಪ, ಹಜ್ ಯಾತ್ರಿಕರು ಡೇರೆಗಳಲ್ಲಿ ತಂಗುವ ಕಣಿವೆಯ ಹೆಸರು ಮಿನಾ. ಕನ್ನಡದ ಬರಹದಲ್ಲಿ ಇವೆರಡರ ನಡುವಿನ ಅಂತರ ಒಂದು ದೀರ್ಘ ಮಾತ್ರ. ಅರಬ್ಬಿಯಲ್ಲಿ ಇವು ಬೇರೆ ಬೇರೆ ಪದಗಳು. ಆದರೂ ಬಂದರುಗಳಿಗೂ ಆ ಕಣಿವೆಗೂ ಇತಿಹಾಸದಲ್ಲಿ ಗಾಢವಾದ ನಂಟಿದೆ.

ಇದನ್ನು ಬರೆಯಲು ಒಂದು ಕಾರಣವುಂಟು. ಹಜ್‌ಗೆ ಹೊರಟಿದ್ದ ಬಿಜಾಪುರ ಸೀಮೆಯ ಹಿರಿಯ ಸದಸ್ಯರೊಬ್ಬರು ಲಸಿಕೆಯ ವಿಚಾರವಾಗಿ ನಮ್ಮಲ್ಲಿಗೆ ಬಂದಿದ್ದರು. “ದೇವರ ಮನಿಗೆ ಹೋಗೋರಿಗೂ ಈ ಸೂಜಿ ಬೇಕೇನ್ರಿ ಡಾಕ್ಟರ್ರ?” ಎಂದು ಕೇಳಿದರು. ಅಂದು ನಾವು ಅವಸರದಲ್ಲಿ ಕೊಟ್ಟ ಉತ್ತರ ನಮಗೇ ಸಾಲದೆನಿಸಿತು.

ಕನ್ನಡ ನಾಡಿನಿಂದ ಮಕ್ಕಾಕ್ಕೆ ಹೋಗುವ ದಾರಿ ಬಹುಕಾಲ ಕಡಲಿನ ದಾರಿಯೇ ಆಗಿತ್ತು. ಗೋಳಗುಮ್ಮಟದಲ್ಲಿ ಚಿರನಿದ್ರೆಯಲ್ಲಿರುವ ಮುಹಮ್ಮದ್ ಆದಿಲ್ ಶಾಹ 1656ರಲ್ಲಿ ತೀರಿಕೊಂಡನು. ಬಡೀ ಸಾಹಿಬಾ ಎಂದು ಪ್ರಸಿದ್ಧಳಾಗಿದ್ದ ಆತನ ರಾಣಿ ಖದೀಜಾ ಸುಲ್ತಾನಾ, 1660ರ ದಶಕದ ಆರಂಭದಲ್ಲಿ, ಕೊಂಕಣ ತೀರದ ವೆಂಗುರ್ಲಾದಿಂದ ಡಚ್ಚರ ಹಡಗಿನಲ್ಲಿ ಯೆಮೆನಿನ ಮೋಖಾ ಬಂದರಿಗೆ ತೆರಳಿ, ಅಲ್ಲಿಂದ ಯಾತ್ರೆ ಕೈಗೊಂಡಳು. ರಾಣಿಗಾದರೂ ಗಾಳಿಯ ಋತುವನ್ನು ಕಾಯದೆ ಗತಿಯಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉಗಿಹಡಗು ಈ ಚಿತ್ರವನ್ನೇ ಬದಲಿಸಿತು. ಜೀವಮಾನದ ಉಳಿತಾಯವನ್ನು ಸೆರಗಿನಲ್ಲಿ ಗಂಟುಕಟ್ಟಿಕೊಂಡ ಬಡವರೂ ಮುಂಬಯಿಯಿಂದ ಜಿದ್ದಾಕ್ಕೆ ಹೊರಡುವಂತಾಯಿತು. ಆದರೆ ಹಡಗಿನಲ್ಲಿ ಕಿಕ್ಕಿರಿದ ಜನ. ಕುಡಿಯುವ ನೀರು ಮಿತವಾಗಿದ್ದು, ಅದೂ ಸುಲಭವಾಗಿ ಮಲಿನವಾಗುತ್ತಿತ್ತು. ನಮ್ಮ ಹಿರಿಯರು ವಾಂತಿಭೇದಿ ಎಂದು ಕರೆದು ನಡುಗುತ್ತಿದ್ದ ಕಾಲರಾ ರೋಗಕ್ಕೆ ಇದಕ್ಕಿಂತ ಅನುಕೂಲವಾದ ವಾಹನ ಬೇರೆ ಬೇಕಿರಲಿಲ್ಲ.

1865ರ ಹಜ್‌ನಲ್ಲಿ ಸುಮಾರು 90,000 ಯಾತ್ರಿಕರಿದ್ದು, ಅವರಲ್ಲಿ ಸುಮಾರು 15,000 ಮಂದಿ ಕಾಲರಾಕ್ಕೆ ಬಲಿಯಾದರೆಂಬುದು ಅಂದಿನ ಅಂದಾಜು. ಬದುಕುಳಿದವರು ಜಿದ್ದಾದಿಂದ ಸುಯೆಜ್‌ಗೆ ಹಡಗಿನಲ್ಲೂ, ಅಲ್ಲಿಂದ ಅಲೆಕ್ಸಾಂಡ್ರಿಯಾಕ್ಕೆ ರೈಲಿನಲ್ಲೂ ಮರಳಿದರು. ರೋಗವೂ ಅದೇ ದಾರಿ ಹಿಡಿದು, ಆ ಬೇಸಿಗೆಯಲ್ಲೇ ಯುರೋಪಿನ ಬಂದರುಗಳನ್ನು ಮುಟ್ಟಿತು.

ಆಗ ಜಗತ್ತು ಎಚ್ಚೆತ್ತಿತು. 1866ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅಂತಾರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಸೇರಿತು. 1882ರಲ್ಲಿ ಒಟ್ಟೋಮನ್ ಸರ್ಕಾರ ಕೆಂಪು ಸಮುದ್ರದ ದಕ್ಷಿಣ ಭಾಗದ ಕಮರಾನ್ ದ್ವೀಪದಲ್ಲಿ ಕ್ವಾರಂಟೈನ್ ಕೇಂದ್ರವನ್ನು ತೆರೆಯಿತು. ಭಾರತದ ಯಾತ್ರಿಕರು ಅಲ್ಲಿ ಇಳಿದು, ಬಟ್ಟೆಬರೆಗಳನ್ನು ಶುದ್ಧೀಕರಣಕ್ಕೆ ಒಪ್ಪಿಸಿ, ದಿನಗಟ್ಟಲೆ ಕಾಯಬೇಕಿತ್ತು. ಅದರ ಶುಲ್ಕವನ್ನೂ ತಾವೇ ತೆರಬೇಕಿತ್ತು.

ವೈದ್ಯರಾಗಿ ನಾವು ಕ್ವಾರಂಟೈನ್ ಅನ್ನು ಅಲ್ಲಗಳೆಯಲಾರೆವು. ಆದರೆ ಒಂದು ಮಾತನ್ನು ಹೇಳದೆ ಇರಲಾರೆವು. ಅಂದಿನ ಲೋಕ ರೋಗವನ್ನು ಶಂಕಿಸುವುದರ ಜೊತೆಗೆ ಬಡ ಯಾತ್ರಿಕನನ್ನೂ ಅಪರಾಧಿಯಂತೆ ಕಂಡಿತು. ಲಂಡನ್ನಿನಲ್ಲಿ ಜಾನ್ ಸ್ನೋ 1854ರಲ್ಲೇ ಕಾಲರಾ ಕಲುಷಿತ ನೀರಿನಿಂದ ಬರುತ್ತದೆಂದು ತೋರಿಸಿದ್ದರು. 1884ರ ಹೊತ್ತಿಗೆ ರಾಬರ್ಟ್ ಕೋಕ್ ಅದರ ರೋಗಾಣುವನ್ನು ಗುರುತಿಸಿದರು. ತಪ್ಪು ಭಕ್ತನದಾಗಿರಲಿಲ್ಲ, ಅವನಿಗೆ ಒದಗಿದ ನೀರಿನದಾಗಿತ್ತು. ಅವಮಾನಕ್ಕೆ ಹೆದರಿದ ಮನುಷ್ಯ ರೋಗವನ್ನು ಬಚ್ಚಿಡುತ್ತಾನೆ. ಬಚ್ಚಿಟ್ಟ ರೋಗ ಊರಿಗೆಲ್ಲ ಹರಡುತ್ತದೆ.

ಕಾಲಕ್ರಮದಲ್ಲಿ ಶುದ್ಧ ನೀರು, ಒಳಚರಂಡಿ, ಆಸ್ಪತ್ರೆಗಳು ಬಂದವು. 1957ರಲ್ಲಿ ಹಜ್ ಯಾತ್ರಿಕರಿಗೆಂದೇ ಇದ್ದ ಅಂತಾರಾಷ್ಟ್ರೀಯ ಕ್ವಾರಂಟೈನ್ ನಿಯಮಗಳು ಕೊನೆಗೊಂಡು, ಹೊಣೆ ಸೌದಿ ಸರ್ಕಾರಕ್ಕೆ ಸೇರಿತು. 1995ರಲ್ಲಿ ಮುಂಬಯಿಯ ಹಜ್ ಹಡಗೂ ನಿಂತು, ಯಾತ್ರೆ ಪೂರ್ಣವಾಗಿ ವಿಮಾನದ್ದಾಯಿತು. ಆದರೆ ಜನಸಂದಣಿ ಕರಗಲಿಲ್ಲ. 1987ರಲ್ಲಿ ಯಾತ್ರಿಕರ ನಡುವೆ ಮೆದುಳಿನ ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್ ಹರಡಿತು. ಆಮೇಲೆ ಅದರ ಲಸಿಕೆ ಕಡ್ಡಾಯವಾಯಿತು. 2000 ಮತ್ತು 2001ರಲ್ಲಿ ಅದೇ ರೋಗಾಣುವಿನ ಬೇರೊಂದು ಬಗೆ ತಲೆದೋರಿದಾಗ, 2002ರಿಂದ ನಾಲ್ಕು ಬಗೆಗಳನ್ನೂ ತಡೆಯುವ ಲಸಿಕೆ ಜಾರಿಗೆ ಬಂದಿತು. ಆ ಹಿರಿಯರು ಪ್ರಶ್ನಿಸಿದ್ದು ಇದೇ ಸೂಜಿಯನ್ನು. 2020ರಲ್ಲಿ ಕೋವಿಡ್ ಕಾರಣ, ಸೌದಿಯಲ್ಲೇ ನೆಲೆಸಿದ್ದ ಕೆಲವರಿಗೆ ಮಾತ್ರ ಹಜ್ ಸಾಧ್ಯವಾದುದನ್ನು ನಾವೆಲ್ಲ ಕಂಡಿದ್ದೇವೆ.

ಈ ಕಥೆಯನ್ನು ಕೆಲವು ದಿನಗಳ ಬಳಿಕ ಆ ಹಿರಿಯರಿಗೆ ವಿವರಿಸಿದೆವು. ಅವರು ಸುಮ್ಮನೆ ಕೇಳಿ, ಪಿಡುಗು ಹರಡಿದ ಊರಿಗೆ ಹೋಗಬಾರದು, ಅಲ್ಲಿರುವವರು ಹೊರಬೀಳಬಾರದು ಎಂಬ ಪ್ರವಾದಿಗಳ ಬೋಧನೆಯನ್ನು ತಾವೇ ನೆನಪಿಸಿಕೊಂಡರು. “ಹಂಗಾದ್ರ ಇದೂ ಯಾತ್ರೆಯ ಒಂದು ಭಾಗನ ಅನ್ರಿ” ಎಂದು ತೋಳು ಮುಂದೆ ಚಾಚಿದರು. ನಮ್ಮ ದೀರ್ಘ ವಿವರಣೆಗಿಂತ ಅವರ ಆ ಒಂದು ಮಾತು ದೊಡ್ಡದು.

ಆದ್ದರಿಂದ ಸಂಘದ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ಹಜ್‌ಗೆ ಹೊರಡುವವರು ಕನಿಷ್ಠ ಹತ್ತು ದಿನ ಮೊದಲೇ ಲಸಿಕೆ ಪಡೆಯಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಮರಳಿದ ಮೇಲೆ ಜ್ವರ, ಕೆಮ್ಮು ಕಂಡರೆ ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿ. ನೆರೆಯವರಾದ ನಾವು ಅವರನ್ನು ಶಂಕೆಯಿಂದಲ್ಲ, ಆದರದಿಂದ ಬರಮಾಡಿಕೊಳ್ಳೋಣ.

ಯಾತ್ರೆಗೆ ಹೊರಟ ಎಲ್ಲರಿಗೂ ಶುಭವಾಗಲಿ.