ಸಹಿ ಹಾಕುವಾಗ ಗೊತ್ತಿತ್ತೇ?

ಸಿರಿಯಾದಲ್ಲಿ ಹುಟ್ಟಿ ಕೆನಡಾದ ಪ್ರಜೆಯಾಗಿದ್ದ ಎಂಜಿನಿಯರ್ ಮಹೇರ್ ಅರಾರ್, 2002ರ ಸೆಪ್ಟೆಂಬರ್ 26ರಂದು ವಿಮಾನ ಬದಲಿಸಲು ನ್ಯೂಯಾರ್ಕಿನಲ್ಲಿ ಇಳಿದರು. ಅಮೆರಿಕದ ಅಧಿಕಾರಿಗಳು ಅವರನ್ನು ಹಿಡಿದಿಟ್ಟು, ಅಕ್ಟೋಬರ್ 8ರಂದು ಜೋರ್ಡಾನ್ ಮೂಲಕ ಸಿರಿಯಾಕ್ಕೆ ಸಾಗಹಾಕಿದರು. ಅಲ್ಲಿ ಮೂರಡಿ ಅಗಲ, ಆರಡಿ ಉದ್ದದ ಕತ್ತಲೆ ಕೋಣೆ, ಕೇಬಲ್ಲಿನ ಹೊಡೆತ. ಬಿಡುಗಡೆಯಾಗಿದ್ದು ಮರುವರ್ಷದ ಅಕ್ಟೋಬರಿನಲ್ಲಿ.

2004ರ ಜನವರಿಯಲ್ಲಿ ಅವರು ಆಗಿನ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಮತ್ತಿತರರ ಮೇಲೆ ದಾವೆ ಹೂಡಿದರು. ಆ ದಾವೆಯ ಕಾಗದಪತ್ರಗಳಲ್ಲಿ ನಾನು ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ: ಚಿತ್ರಹಿಂಸೆಯಾಗುತ್ತದೆಂದು ಗೊತ್ತಿದ್ದೇ ಕಳಿಸಿದರೇ?

ತೀರ್ಪುಗಳಲ್ಲಿ ಅದು ಸಿಗುವುದಿಲ್ಲ. 2006ರಲ್ಲಿ ನ್ಯಾಯಾಧೀಶ ಡೇವಿಡ್ ಟ್ರೇಗರ್ ವಿಚಾರಣೆಗೆ ಮೊದಲೇ ದಾವೆ ವಜಾ ಮಾಡಿದರು. ಚಿತ್ರಹಿಂಸೆಗೆ ಪರಿಹಾರ ಕೊಡಿಸುವ 1991ರ ಕಾಯ್ದೆ ಪರದೇಶದ ಅಧಿಕಾರ ಚಲಾಯಿಸಿದವರಿಗಷ್ಟೇ ಅನ್ವಯ, ಇವರು ಅಮೆರಿಕದ ಅಧಿಕಾರಿಗಳು ಎಂಬುದು ಒಂದು ಕಾರಣ. ಸಂವಿಧಾನದ ಆಧಾರದ ಮೇಲೆ ಪರಿಹಾರ ಕೇಳಿದರೆ, ಭದ್ರತೆ, ವಿದೇಶಾಂಗ ನೀತಿ ಅಡ್ಡ ಬಂದವು. 2009ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ 7–4ರಿಂದ ಅದನ್ನೇ ಎತ್ತಿಹಿಡಿಯಿತು.

ಕೆನಡಾದ ಕಡತಗಳು ಹೆಚ್ಚು ಬಾಯಿಬಿಡುತ್ತವೆ. ನ್ಯಾಯಮೂರ್ತಿ ಡೆನ್ನಿಸ್ ಓಕಾನರ್ ಆಯೋಗದ 2006ರ ವರದಿ ಅಮೆರಿಕದ ಸಂಶಯದ ಬೇರನ್ನೇ ತೋರಿಸುತ್ತದೆ: ಅರಾರ್ ಇಸ್ಲಾಮಿಕ್ ಉಗ್ರವಾದಿ ಎಂಬ ತಪ್ಪು ಮಾಹಿತಿಯನ್ನು ಅಮೆರಿಕಕ್ಕೆ ಕೊಟ್ಟಿದ್ದು ಕೆನಡಾದ ಪೊಲೀಸರೇ. ಅರಾರ್ ಅಪರಾಧ ಮಾಡಿದ್ದಕ್ಕೆ ಯಾವ ಪುರಾವೆಯೂ ಇರಲಿಲ್ಲ. 2007ರಲ್ಲಿ ಕೆನಡಾ ಸರ್ಕಾರ ಕ್ಷಮೆ ಕೇಳಿ, 1.05 ಕೋಟಿ ಕೆನಡಿಯನ್ ಡಾಲರ್ ಪರಿಹಾರ ಕೊಟ್ಟಿತು.

ನನ್ನ ಪ್ರಶ್ನೆಗೆ ಉತ್ತರವಿದ್ದುದು ಅಮೆರಿಕದ ಆಂತರಿಕ ಭದ್ರತಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2008ರಲ್ಲಿ ಕೊಟ್ಟ ವರದಿಯಲ್ಲಿ. ಸಿರಿಯಾಕ್ಕೆ ಕಳಿಸಿದರೆ ಚಿತ್ರಹಿಂಸೆಯಾಗುವ ಸಂಭವವೇ ಹೆಚ್ಚು ಎಂದು ವಲಸೆ ಅಧಿಕಾರಿಗಳೇ ತೀರ್ಮಾನಿಸಿದ್ದರು! ಆಮೇಲೆ ‘ಹಿಂಸಿಸುವುದಿಲ್ಲ’ ಎಂಬ ಭರವಸೆ ಬಂತೆಂದು ಕಳಿಸಿದರು. ಆ ಭರವಸೆ ಸಿರಿಯಾದ ಪರವಾಗಿ ಯಾರ ಅಧಿಕಾರದಿಂದ ಬಂದದ್ದು ಎಂಬುದೇ ಅಸ್ಪಷ್ಟ. ಅದನ್ನು ಪರಿಶೀಲಿಸಿದ ಕುರುಹೂ ಇಲ್ಲ. ಭಾನುವಾರ ವಕೀಲರ ಕಚೇರಿಯ ಫೋನಿನಲ್ಲಿ ಸಂದೇಶ ಬಿಟ್ಟು, ವಕೀಲರಿಲ್ಲದೆ ಅಂದು ರಾತ್ರಿಯೇ ಅರಾರ್ ಅವರನ್ನು ಪ್ರಶ್ನಿಸಿದ್ದೂ ಅಲ್ಲಿ ದಾಖಲಾಗಿದೆ.

ಮೇಲ್ಮನವಿ ನ್ಯಾಯಾಲಯ 2009ರಲ್ಲಿ ತೀರ್ಪು ಕೊಡುವ ಹೊತ್ತಿಗೆ ಈ ವರದಿ ಬಹಿರಂಗವಾಗಿತ್ತು. ಆದರೂ ಬಹುಮತದ ನ್ಯಾಯಾಧೀಶರು, ಇಂಥ ದಾವೆಗೆ ದಾರಿ ತೆರೆಯಬೇಕಾದ್ದು ಅಮೆರಿಕದ ಕಾಂಗ್ರೆಸ್ ಎಂದರು. 2010ರ ಜೂನ್ 14ರಂದು ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಅಧಿಕಾರಿಗಳು ನಿರ್ದೋಷಿಗಳೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಅವರನ್ನು ಕಟಕಟೆಗೆ ಕರೆಯುವುದೇ ಬೇಡವೆಂದವು, ಅಷ್ಟೆ.