ತಲೆ ಮತ್ತು ಕುತ್ತಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಅಭಿಧಮನಿಯ ಮೂಲಕ ಲಿಡೊಕೇನ್

ಲಿಡೊಕೇನ್ ಒಂದು ಸ್ಥಾನಿಕ ಅರಿವಳಿಕೆ ಔಷಧ. ಇದನ್ನು ಲಿಗ್ನೊಕೇನ್ ಎಂದೂ ಕರೆಯುತ್ತಾರೆ. ಸಾಮಾನ್ಯವಾಗಿ ಇದನ್ನು ಚರ್ಮದಡಿಗೆ ಅಥವಾ ನರದ ಬಳಿಗೆ ಚುಚ್ಚಿ, ಆ ಭಾಗವನ್ನಷ್ಟೇ ಮರಗಟ್ಟಿಸಲಾಗುತ್ತದೆ. ಇದೇ ಔಷಧವನ್ನು ಅಲ್ಪ ಪ್ರಮಾಣದಲ್ಲಿ ಅಭಿಧಮನಿಯ ಮೂಲಕ ರಕ್ತಕ್ಕೆ ಹರಿಸಿ, ಶಸ್ತ್ರಚಿಕಿತ್ಸೆಯ ವೇಳೆಯ ಹಾಗೂ ಅನಂತರದ ನೋವನ್ನು ತಗ್ಗಿಸುವ ಕ್ರಮವೂ ಇದೆ. ಇದು ಪೂರ್ಣ ಅರಿವಳಿಕೆಗೆ ಪೂರಕವೇ ಹೊರತು ಬದಲಿಯಲ್ಲ.

ಇತಿಹಾಸ

ಸ್ವೀಡನ್ನಿನ ರಸಾಯನವಿಜ್ಞಾನಿ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಲಿಡೊಕೇನನ್ನು ತಯಾರಿಸಿದರು. ಅವರ ಸಹೋದ್ಯೋಗಿ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ಮೊದಲಿಗೆ ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. 1948ರಲ್ಲಿ ಆಸ್ಟ್ರಾ ಕಂಪನಿಯು ಕ್ಸೈಲೊಕೇನ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಹೃದಯದ ಕೆಳಕೋಣೆಗಳ ಬಡಿತ ಲಯ ತಪ್ಪಿದಾಗಲೂ ಇದನ್ನು ಅಭಿಧಮನಿಗೆ ನೀಡುವ ರೂಢಿ ಬೆಳೆಯಿತು.

ಅಗತ್ಯ

ಬಾಯಿಯ ಕ್ಯಾನ್ಸರ್, ಥೈರಾಯ್ಡ್ ಗ್ರಂಥಿ, ಧ್ವನಿಪೆಟ್ಟಿಗೆ, ದವಡೆ ಮೊದಲಾದವುಗಳ ಶಸ್ತ್ರಚಿಕಿತ್ಸೆಗಳು ಈ ಗುಂಪಿಗೆ ಸೇರುತ್ತವೆ. ತಂಬಾಕು ಸೇವನೆಯ ಕಾರಣದಿಂದ ಬಾಯಿಯ ಕ್ಯಾನ್ಸರ್ ಹೆಚ್ಚಾಗಿರುವ ಭಾರತದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ತೀವ್ರ ನೋವಿಗೆ ಮಾರ್ಫಿನ್, ಫೆಂಟನಿಲ್ ಮುಂತಾದ ಓಪಿಯಾಯ್ಡ್ ಔಷಧಗಳನ್ನು ಬಳಸಲಾಗುತ್ತದೆ. ಇವು ಮಂಪರು, ವಾಕರಿಕೆ ಹಾಗೂ ವಾಂತಿಯನ್ನು ಉಂಟುಮಾಡಬಲ್ಲವು, ಉಸಿರಾಟವನ್ನೂ ಕುಗ್ಗಿಸಬಲ್ಲವು. ಶಸ್ತ್ರಚಿಕಿತ್ಸೆಯಿಂದ ಬಾಯಿ, ಗಂಟಲುಗಳು ಊದಿಕೊಂಡಿರುವ ರೋಗಿಗೆ ಇದು ಹೆಚ್ಚು ಅಪಾಯಕಾರಿ. ವಾಂತಿ ಮತ್ತು ಬಲವಾದ ಕೆಮ್ಮಿನಿಂದ ಕುತ್ತಿಗೆಯ ಗಾಯದಲ್ಲಿ ರಕ್ತಸ್ರಾವವಾಗಿ ಉಸಿರಿನ ದಾರಿ ಒತ್ತಿಹೋಗಬಹುದು. ಓಪಿಯಾಯ್ಡ್‌ಗಳ ಬಳಕೆಯನ್ನು ಕಡಿಮೆ ಮಾಡುವುದೇ ಲಿಡೊಕೇನ್ ನೀಡುವ ಮುಖ್ಯ ಉದ್ದೇಶ.

ಕಾರ್ಯವಿಧಾನ

ಲಿಡೊಕೇನ್ ನರಕೋಶಗಳಲ್ಲಿನ ಸೋಡಿಯಂ ನಾಲೆಗಳನ್ನು ತಡೆದು ನೋವಿನ ಸಂದೇಶವನ್ನು ಕುಂಠಿತಗೊಳಿಸುತ್ತದೆ. ರಕ್ತದ ಮೂಲಕ ನೀಡಿದಾಗ ಉರಿಯೂತವನ್ನೂ ತಗ್ಗಿಸುತ್ತದೆ. ಇದನ್ನು ಪ್ರಧಾನವಾಗಿ ಯಕೃತ್ತು ವಿಭಜಿಸುತ್ತದೆ.

ಪ್ರಮಾಣ

2021ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆಯಂತೆ, ಮೊದಲ ಪ್ರಮಾಣವು ಆದರ್ಶ ದೇಹತೂಕದ ಪ್ರತಿ ಕಿಲೋಗ್ರಾಂಗೆ 1.5 ಮಿಲಿಗ್ರಾಂ ಮೀರಬಾರದು. ಅದನ್ನು 10 ನಿಮಿಷಗಳಲ್ಲಿ ನಿಧಾನವಾಗಿ ನೀಡಬೇಕು. ಅನಂತರ ಗಂಟೆಗೆ ಪ್ರತಿ ಕಿಲೋಗ್ರಾಂಗೆ 1.5 ಮಿಲಿಗ್ರಾಂ ಮಿತಿಯೊಳಗೆ ಹರಿಸಬಹುದು. ಆದರ್ಶ ತೂಕ 60 ಕಿಲೋಗ್ರಾಂ ಆಗಿದ್ದರೆ ಮೊದಲ ಪ್ರಮಾಣ ಹೆಚ್ಚೆಂದರೆ 90 ಮಿಲಿಗ್ರಾಂ. 40 ಕಿಲೋಗ್ರಾಂಗಿಂತ ಕಡಿಮೆ ತೂಕದವರಿಗೆ ಈ ವಿಧಾನವನ್ನು ಶಿಫಾರಸು ಮಾಡಿಲ್ಲ.

ವಿಷಪರಿಣಾಮ ಮತ್ತು ಎಚ್ಚರಿಕೆ

ರಕ್ತದ್ರವದಲ್ಲಿ ಲಿಡೊಕೇನ್ ಮಟ್ಟವು ಪ್ರತಿ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ದಾಟಿದರೆ ವಿಷಪರಿಣಾಮದ ಸಂಭವ ಹೆಚ್ಚುತ್ತದೆ. ತುಟಿಯ ಸುತ್ತ ಜೋಮು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಮೊರೆತ, ತಲೆಸುತ್ತು ಆರಂಭದ ಲಕ್ಷಣಗಳು. ಪ್ರಮಾಣ ಮತ್ತಷ್ಟು ಏರಿದರೆ ಸೆಳವು ಬರಬಹುದು, ಹೃದಯ ಸ್ತಂಭನವೂ ಆಗಬಹುದು. ಪ್ರಜ್ಞೆ ತಪ್ಪಿಸಿದ ರೋಗಿ ಈ ಆರಂಭದ ಲಕ್ಷಣಗಳನ್ನು ಹೇಳಲಾರ. ಬಾಯಿಯ ಶಸ್ತ್ರಚಿಕಿತ್ಸೆಯಾದವರಲ್ಲಿ ತುಟಿಯ ಜೋಮನ್ನು ಗಾಯದ ಪರಿಣಾಮವೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ. ಕುತ್ತಿಗೆಯಲ್ಲಿ ಉಸಿರಾಟದ ನಳಿಕೆ ಇರಿಸಿದವರಿಗೆ ಮಾತನಾಡಲೂ ಆಗದಿರಬಹುದು. ಆದ್ದರಿಂದ ಇಸಿಜಿ, ರಕ್ತದೊತ್ತಡ ಮತ್ತು ಆಮ್ಲಜನಕದ ಮಟ್ಟದ ಮೇಲೆ ನಿಗಾ ಅಗತ್ಯ.

ರಕ್ತಸ್ರಾವ ತಗ್ಗಿಸಲು ಶಸ್ತ್ರವೈದ್ಯರು ಗಾಯದ ಸ್ಥಳಕ್ಕೇ ಅಡ್ರಿನಲಿನ್ ಬೆರೆಸಿದ ಲಿಡೊಕೇನನ್ನು ಚುಚ್ಚುವುದುಂಟು. ಇನ್ನೊಂದು ಸ್ಥಾನಿಕ ಅರಿವಳಿಕೆಯ ಪರಿಣಾಮ ಉಳಿದಿರುವಾಗ ಅಭಿಧಮನಿಯ ಲಿಡೊಕೇನ್ ಕೂಡದೆಂದು ಮೇಲಿನ ಹೇಳಿಕೆ ಎಚ್ಚರಿಸುತ್ತದೆ. ಹೃದಯದ ವಿದ್ಯುತ್ ವಹನದಲ್ಲಿ ತಡೆ, ಯಕೃತ್ತಿನ ತೀವ್ರ ದೌರ್ಬಲ್ಯ ಅಥವಾ ಮೂರ್ಛೆರೋಗ ಉಳ್ಳವರಲ್ಲಿ ಅಪಾಯ ಹೆಚ್ಚು. ವಿಷಪರಿಣಾಮ ಕಂಡರೆ ಔಷಧವನ್ನು ತಕ್ಷಣ ನಿಲ್ಲಿಸಿ, ಉಸಿರಾಟಕ್ಕೆ ಆಧಾರ ನೀಡಿ, ಶೇಕಡಾ 20ರ ಕೊಬ್ಬಿನ ದ್ರಾವಣವನ್ನು ಅಭಿಧಮನಿಗೆ ನೀಡಲಾಗುತ್ತದೆ.

ಪ್ರಯೋಜನದ ಪುರಾವೆ

68 ಪ್ರಯೋಗಗಳನ್ನು ಪರಿಶೀಲಿಸಿದ 2018ರ ಕಾಕ್ರೇನ್ ವಿಮರ್ಶೆಯು, ನೋವು ಮತ್ತು ಓಪಿಯಾಯ್ಡ್ ಬಳಕೆಯ ಮೇಲೆ ಈ ವಿಧಾನದ ಪ್ರಯೋಜನ ಅನಿಶ್ಚಿತವೆಂದು ತೀರ್ಮಾನಿಸಿತು. ಆ ಪ್ರಯೋಗಗಳಲ್ಲಿ ಹಲವು ಉದರದ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದವು. ಅವುಗಳ ಫಲಿತಾಂಶವನ್ನು ತಲೆ ಮತ್ತು ಕುತ್ತಿಗೆಗೆ ನೇರವಾಗಿ ಅನ್ವಯಿಸಲಾಗದು. ಶ್ವಾಸನಳಿಕೆ ತೆಗೆಯುವಾಗಿನ ಕೆಮ್ಮನ್ನು ಲಿಡೊಕೇನ್ ತಗ್ಗಿಸುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಹೀಗಾಗಿ ಇದನ್ನು ಎಲ್ಲರಿಗೂ ನೀಡುವ ಸಾಮಾನ್ಯ ಕ್ರಮವೆಂದು ಪರಿಗಣಿಸದೆ, ಪ್ರತಿ ರೋಗಿಯ ಲಾಭ ಮತ್ತು ಅಪಾಯವನ್ನು ತೂಗಿ ಅರಿವಳಿಕೆ ತಜ್ಞರು ನಿರ್ಧರಿಸಬೇಕಾಗುತ್ತದೆ.