ಯಾವ ವ್ಯಾಯಾಮಕ್ಕೆ ಯಾವ ಶೂ?

ಲೋಧಿ ಉದ್ಯಾನದಲ್ಲಾಗಲಿ, ಚಾಣಕ್ಯಪುರಿಯ ನೆಹರೂ ಪಾರ್ಕಿನಲ್ಲಾಗಲಿ ಮುಂಜಾನೆ ನಡೆಯಲು ಬರುವ ನಮ್ಮ ವಯಸ್ಸಿನವರಲ್ಲಿ ಮಕ್ಕಳು ಧರಿಸಿ ಬಿಟ್ಟ ಶೂಗಳನ್ನೇ ತೊಟ್ಟವರು ಹಲವರಿದ್ದಾರೆ. ಬ್ಯಾಂಕಿನ ಕುರ್ಚಿಯಲ್ಲಿ ಮೂರು ದಶಕ ಕಳೆದ ನಾವೂ ಇದಕ್ಕೆ ಹೊರತಲ್ಲ. ಮಗನ ದಪ್ಪ ಅಟ್ಟೆಯ ಓಟದ ಶೂ ಧರಿಸಿ ಬ್ಯಾಡ್ಮಿಂಟನ್ ಅಂಗಣಕ್ಕಿಳಿದು, ಪಕ್ಕಕ್ಕೆ ಹೆಜ್ಜೆ ಹಾಕುವಾಗ ಪಾದದ ಕೀಲು ಹೊರಳಿ ಮೂರು ವಾರ ಕುಂಟಿದೆವು. ಉಳಿತಾಯವೆಂದು ಭಾವಿಸಿದ್ದಕ್ಕೆ ಹೊಸ ಶೂವಿನ ಬೆಲೆಗಿಂತ ಹೆಚ್ಚು ತೆತ್ತಂತಾಯಿತು.

ಆ ಶೂವಿನಲ್ಲಿ ದೋಷವಿರಲಿಲ್ಲ. ಓಟದಲ್ಲಿ ದೇಹ ನೇರವಾಗಿ ಮುಂದೆ ಚಲಿಸುತ್ತದೆ; ಪ್ರತಿ ಹೆಜ್ಜೆಯಲ್ಲಿಯೂ ದೇಹತೂಕದ ಎರಡು-ಮೂರು ಪಟ್ಟು ಭಾರ ಪಾದದ ಮೇಲೆ ಬೀಳುತ್ತದೆ. ಆದುದರಿಂದ ಓಟದ ಶೂವಿಗೆ ಮೆತ್ತನೆಯ ದಪ್ಪ ಅಟ್ಟೆ. ಹಲವು ಶೂಗಳಲ್ಲಿ ಹಿಮ್ಮಡಿಯು ಬೆರಳ ಭಾಗಕ್ಕಿಂತ 8ರಿಂದ 12 ಮಿ.ಮೀ. ಎತ್ತರದಲ್ಲಿರುತ್ತದೆ. ಪಕ್ಕಕ್ಕೆ ಜಿಗಿಯುವ ಆಟಗಳಲ್ಲಿ ಆ ಎತ್ತರವೇ ಪಾದವನ್ನು ಹೊರಳಿಸುತ್ತದೆ. ಬ್ಯಾಡ್ಮಿಂಟನ್, ಸ್ಕ್ವಾಷ್ ಆಟಗಳಿಗೆ ನೆಲಕ್ಕೆ ಹತ್ತಿರವಾದ, ಅಂಚು ಬಿಗಿಯಾದ, ಅಂಗಣದಲ್ಲಿ ಕಲೆ ಉಳಿಸದ ರಬ್ಬರಿನ ಅಟ್ಟೆ ಬೇಕು. 1980ರಲ್ಲಿ ಪ್ರಕಾಶ್ ಪಡುಕೋಣೆಯವರು ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದಾಗ ಬಾಲಕರಾಗಿದ್ದ ನಮ್ಮ ಕೈಗೂ ರ್‍ಯಾಕೆಟ್ ಬಂದಿತು. ಕಾಲಿಗೆ ಮಾತ್ರ ಶಾಲೆಯ ಬಿಳಿ ಕ್ಯಾನ್ವಾಸ್ ಶೂ. ಈಗ ಯೋಚಿಸಿದರೆ, ಅದರ ತೆಳು ಅಟ್ಟೆಯೇ ಈ ಆಟಕ್ಕೆ ಮಗನ ದುಬಾರಿ ಶೂಗಿಂತ ಮೇಲಾಗಿತ್ತು.

ನಡಿಗೆಗೆ ಓಟದ ಶೂ ಸಲ್ಲುತ್ತದೆ, ಆದರೆ ಓಟಕ್ಕೆ ನಡಿಗೆಯ ಶೂ ಸಲ್ಲದು. ಜಿಮ್ಮಿನಲ್ಲಿ ಭಾರ ಎತ್ತುವವರಿಗೆ ಮೆತ್ತನೆಯ ಅಟ್ಟೆ ಕಾಲಡಿಯಲ್ಲಿ ಅಲುಗಾಡುವುದರಿಂದ ಗಟ್ಟಿಯಾದ ಸಪಾಟು ಅಟ್ಟೆ ಉತ್ತಮ. ಯೋಗಾಸನಕ್ಕೆ ಬರಿಗಾಲು. 2005ರಲ್ಲಿ ಆರಂಭವಾದ ದೆಹಲಿ ಹಾಫ್ ಮ್ಯಾರಥಾನಿನಲ್ಲಿ ಓಡಬಯಸುವ ಯುವಕರು ಹೊಸ ಶೂವನ್ನು ಅದೇ ದಿನ ತೊಡಬಾರದು. ಕೆಲವು ವಾರ ಮೊದಲೇ ಧರಿಸಿ ಓಡಿ ಪಳಗಿಸಿರಬೇಕು. 21 ಕಿ.ಮೀ. ಸಣ್ಣ ದೂರವಲ್ಲ.

ಶೂ ಕೊಳ್ಳಲು ಕರೋಲ್ ಬಾಗಿಗೆ ಹೋಗಲಿ, ಮಾಲಿಗೆ ಹೋಗಲಿ, ಸಂಜೆ ಹೋಗುವುದು ಲೇಸು. ದಿನದ ಓಡಾಟದಿಂದ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ವ್ಯಾಯಾಮಕ್ಕೆ ಬಳಸುವ ಕಾಲುಚೀಲವನ್ನೇ ತೊಟ್ಟು, ಎದ್ದು ನಿಂತು ನೋಡಬೇಕು. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲದ ಜಾಗವಿರಲಿ. ಎರಡು ಪಾದಗಳು ಸಮನಾಗಿರುವುದು ವಿರಳ, ದೊಡ್ಡ ಪಾದಕ್ಕೆ ಹೊಂದುವುದನ್ನೇ ಆರಿಸಬೇಕು. ಅಮೆರಿಕದಲ್ಲಿರುವ ಮಕ್ಕಳಿಂದ ತರಿಸಿಕೊಳ್ಳುವವರು ಗಮನಿಸಬೇಕಾದದ್ದು: ಇಲ್ಲಿಯ ಪುರುಷರ 8ನೆಯ ಅಳತೆ ಸಾಮಾನ್ಯವಾಗಿ ಅಲ್ಲಿ 9.

ಒದ್ದೆ ಪಾದದ ಗುರುತು ನೋಡಿ ಶೂ ಆರಿಸುವ ಸಲಹೆಯನ್ನು ಅನೇಕ ಅಂಗಡಿಗಳಲ್ಲಿ ಕೇಳುತ್ತೇವೆ. 2009-10ರ ಸುಮಾರಿಗೆ ಅಮೆರಿಕದ ಸೇನಾ ತರಬೇತಿಯಲ್ಲಿ ಹೀಗೆ ಪಾದದ ಕಮಾನು ನೋಡಿ ಶೂ ಕೊಟ್ಟು ಪರೀಕ್ಷಿಸಿದಾಗ ಗಾಯಗಳು ಗಣನೀಯವಾಗಿ ಕಡಿಮೆಯಾಗಲಿಲ್ಲ. ತೊಟ್ಟು ನಾಲ್ಕು ಹೆಜ್ಜೆ ಇಟ್ಟಾಗ ಕಾಲಿಗೆ ಹಿತವೆನಿಸಿದ್ದೇ ನಮ್ಮ ಅಭಿಪ್ರಾಯದಲ್ಲಿ ಸರಿಯಾದ ಶೂ.

ಓಟದ ಶೂವಿನ ಆಯುಷ್ಯ ಸುಮಾರು 500ರಿಂದ 800 ಕಿ.ಮೀ.; ಮೇಲ್ಭಾಗ ಹೊಳೆಯುತ್ತಿದ್ದರೂ ಒಳಗಿನ ಮೆತ್ತೆ ಸತ್ತಿರುತ್ತದೆ. ಮಕ್ಕಳು ಬಿಟ್ಟ ಶೂವಿನ ತೊಂದರೆ ಇದೇ. ಪಾಲಿಯುರೆಥೇನ್ ಅಟ್ಟೆಯದಾದರೆ, ಬಳಸದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟದ್ದು ಗಾಳಿಯ ತೇವಕ್ಕೆ ಶಿಥಿಲವಾಗಿ ಮೊದಲ ನಡಿಗೆಯಲ್ಲೇ ಪುಡಿಯಾಗುವುದುಂಟು.

ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರು ವೈದ್ಯರನ್ನು ಕೇಳಿಯೇ ಶೂ ಕೊಳ್ಳಬೇಕು; ಪ್ರತಿದಿನ ತೊಡುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.